ಒಂದನೇ ಯಂತ್ರದ ಕಿವಿ

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಗಡಿಬಿಡಿಯ ಕಣ್ಣು ಪರದೆಯ ಕೆಳಮೂಲೆಯ ಅಂಕಿಯ ಮೇಲೆ ಬಿತ್ತು. ಡಿಸ್ಕಿನಲ್ಲಿ ಇನ್ನೆಷ್ಟು ಹೊತ್ತಿನ ಧ್ವನಿಗೆ ಜಾಗ ಉಳಿದಿದೆ ಎಂದು ತೋರಿಸುವ ಅಂಕಿ ಅದು. ಹದಿನಾಲ್ಕು ನಿಮಿಷ ಎನ್ನುತ್ತಿತ್ತು. ಒಂದನೇ ಯಂತ್ರದ ಮೇಲೆ ಮೆಲ್ಲಗೆ ತಿರುಗುತ್ತಿದ್ದ ಟೇಪಿನಲ್ಲಿ ಇನ್ನೂ ನಲವತ್ತು ನಿಮಿಷದ ಮಾತು ಬಾಕಿ ಇತ್ತು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಹದಿಮೂರು.

"ಏನಾಯ್ತು ಮಗೂ?" ಎಂದಳು ಆ ಟೇಪು ತಂದು ಕುರ್ಚಿಯಲ್ಲಿ ಕೂತಿದ್ದ ಅಜ್ಜಿ.

"ಏನಿಲ್ಲ ಅಜ್ಜಿ. ನೀವು ಕೇಳ್ತಾ ಇರಿ."

ಗಡಿಬಿಡಿ ಎಂಬ ಹೆಸರನ್ನು ಅವಳಿಗೆ ಅಂಟಿಸಿದವನು ಅಣ್ಣ. ಐದು ವರ್ಷದವಳಿದ್ದಾಗ ಎರಡೂ ಕಾಲನ್ನು ಚಡ್ಡಿಯ ಒಂದೇ ತೂತಿಗೆ ತೂರಿಸಿಕೊಂಡು ಓಡಹೋಗಿ ಹಲ್ಲು ಮುರಿದುಕೊಂಡ ದಿನ ಇಟ್ಟ ಹೆಸರು ಅವಳ ಜತೆಗೇ ಬೆಳೆದು, ಶಾಲೆ ಕಾಲೇಜು ದಾಟಿ, ಈಗ ಕೆಲಸಕ್ಕೂ ಬಂದಿತ್ತು. ಕೆಲಸ ಅತ್ತಿಗೆಯದೇ. ಎರಡನೇ ಮಹಡಿಯ ಮೂರು ಕೋಣೆಗಳಲ್ಲಿ ಅತ್ತಿಗೆ ಹಳೆಯ ಟೇಪುಗಳಿಂದ ಧ್ವನಿಯನ್ನು ಇಳಿಸಿ ಕಂಪ್ಯೂಟರಿಗೆ ತುಂಬುತ್ತಿದ್ದಳು. ಮೊದಲ ಕೋಣೆಯಲ್ಲಿ ತೇವ ಹೀರಿದ ಟೇಪುಗಳನ್ನು ಹದವಾದ ಕಾವಿನಲ್ಲಿ ಒಣಗಿಸುವ ಪೆಟ್ಟಿಗೆ. ಎರಡನೆಯದರಲ್ಲಿ ನಾಲ್ಕು ಟೇಪ್ ಯಂತ್ರ, ಒಂದು ಕಂಪ್ಯೂಟರ್, ಗೋಡೆಗೆ ಕಪ್ಪು ಹಲಗೆ. ಮೂರನೆಯದರಲ್ಲಿ ಚಹಾ ಕೆಟಲು ಮತ್ತು ಜಗಳ. ನಾದಿನಿಯನ್ನು ಬೈಯಬೇಕಾದಾಗಲೆಲ್ಲ ಅತ್ತಿಗೆ ಅವಳನ್ನು ಮೂರನೇ ಕೋಣೆಗೆ ಕರೆದೊಯ್ಯುತ್ತಿದ್ದಳು; ಯಂತ್ರಗಳ ಎದುರು ದನಿ ಏರಿಸುವಂತಿರಲಿಲ್ಲ.

ಇವತ್ತು ಬೈಯಲು ಅತ್ತಿಗೆ ಇರಲಿಲ್ಲ. "ಡಿಸ್ಕ್ ಯಾಕೋ ಇಷ್ಟು ಬೇಗ ತುಂಬಿದೆ, ಲೆಕ್ಕಾನೇ ಹತ್ತುತಾ ಇಲ್ಲ. ಹೊಸದು ತರ್ತೀನಿ, ಅರ್ಧ ಗಂಟೆ" ಎಂದು ಹತ್ತೂವರೆಗೆ ಹೊರಟಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು ಒಂದನೇ ಯಂತ್ರದತ್ತ ಬೆರಳು ತೋರಿಸಿದ್ದಳು. "ಅದು ಒಂದೇ ಸಲ ಮಾತಾಡುತ್ತೆ ಕಣೇ. ನೆನಪಿರಲಿ. ಶುರುವಾದ್ಮೇಲೆ ಯಾರಪ್ಪ ಬಂದ್ರೂ ನಿಲ್ಲಿಸೋ ಹಾಗಿಲ್ಲ."

ಆ ಟೇಪಿನ ಕಂದು ಲೇಪ ಪಟ್ಟಿಯನ್ನು ಬಿಟ್ಟು ಏಳುತ್ತಿತ್ತು. ಧ್ವನಿ ಇರುವುದೇ ಆ ಲೇಪದಲ್ಲಿ. ಯಂತ್ರದ ತಲೆಯನ್ನು ಸವರಿಕೊಂಡು ಹೋದ ಪ್ರತಿ ಗೇಣಿಗೂ ಅದು ಪುಡಿಯಾಗಿ, ಕೆಳಗಿಟ್ಟ ಬಿಳಿ ಕಾಗದದ ಮೇಲೆ ಉದುರುತ್ತಿತ್ತು. ಆಗಲೇ ಚಿಟಿಕೆಯಷ್ಟು ಗುಪ್ಪೆಯಾಗಿತ್ತು. ಆ ಕಡೆಯ ಸುರುಳಿಗೆ ಸುತ್ತಿಕೊಳ್ಳುತ್ತಿದ್ದದ್ದು ಬರೀ ಬೋಳು ಪಟ್ಟಿ. ನಡುವೆ ನಿಲ್ಲಿಸಿದರೆ ಪಟ್ಟಿ ತಲೆಗೆ ಕಚ್ಚಿಕೊಳ್ಳುತ್ತದೆ. ಬಿಡಿಸಲು ಹೋದರೆ ಹರಿಯುತ್ತದೆ. ಹಾಗಾಗಿ ಅದು ಓಡುತ್ತಲೇ ಇರಬೇಕು, ಓಡಿದ್ದನ್ನು ಕಂಪ್ಯೂಟರು ಆಗಿಂದಾಗಲೇ ಕೇಳಿ ಬರೆದುಕೊಳ್ಳುತ್ತಲೇ ಇರಬೇಕು.

ಕೇಳುವ ಕೆಲಸಕ್ಕೆ ಅತ್ತಿಗೆ ತಾನೇ ಒಂದು ಪ್ರೋಗ್ರಾಂ ಬರೆದಿದ್ದಳು. ಅದರ ಹೆಸರು ಕಿವಿ. ಯಂತ್ರಕ್ಕೊಂದು ಕಿವಿ. ಕಪ್ಪು ಪರದೆಯಲ್ಲಿ ಒಂದು ಸಾಲು ಒತ್ತಿದರೆ ಆ ಯಂತ್ರದ ಕಿವಿ ತೆರೆಯುತ್ತಿತ್ತು. ಯಾರು ಟೇಪು ಹಾಕುತ್ತಾರೋ ಅವರೇ ಅದರ ಕಿವಿಯನ್ನೂ ತೆರೆಯಬೇಕು, ತೆರೆದು ಕಪ್ಪು ಹಲಗೆಯ ಮೇಲೆ ಯಂತ್ರದ ಸಂಖ್ಯೆ ಬರೆಯಬೇಕು. ಇದು ಆ ಮನೆಯ ಕಟ್ಟಳೆ. ಇವತ್ತು ಹಲಗೆಯ ಮೇಲಿದ್ದ ಸಂಖ್ಯೆಗಳು ಎರಡು, ಮೂರು, ಒಂದು. ಎರಡು ಮತ್ತು ಮೂರು ಗಡಿಬಿಡಿ ಹಾಕಿದ್ದು, ಒಬ್ಬ ಸಂಗೀತ ಮೇಷ್ಟ್ರ ಗಟ್ಟಿಮುಟ್ಟಾದ ಟೇಪುಗಳು. ಕೊನೆಯ ಒಂದು, ಅಜ್ಜಿಯದು, ಅತ್ತಿಗೆಯ ಕೈಬರಹ.

"ಅವಳು ಗೊಗ್ಗರು ಗಂಟಲಿನವಳು" ಎಂದಳು ಅಜ್ಜಿ, ಸ್ಪೀಕರಿನ ಕಡೆ ತಲೆ ವಾಲಿಸಿ. "ನಮ್ಮ ಮನೆ ಹಿಂದಿನ ಸಾಲಲ್ಲೇ ಇದ್ಲು. ನೂಲು ಸುತ್ತೋ ಕೆಲಸ. ಈ ವಿಚಾರಣೆ ಆಗಿ ನಾಲ್ಕು ತಿಂಗಳಿಗೆ ಹೋಗ್ಬಿಟ್ಲು, ಪಾಪ."

ಸ್ಪೀಕರಿನಿಂದ ಆ ಹೆಂಗಸು ಹೊಗೆ ಮೊದಲು ಎಲ್ಲಿ ಕಂಡಿತೆಂದು ಹೇಳುತ್ತಿದ್ದಳು. ಮೂವತ್ತೆಂಟು ವರ್ಷದ ಹಿಂದಿನ ಹೊಗೆ. ದಾರದ ಗಿರಣಿಗೆ ಬೆಂಕಿ ಬಿದ್ದು ಒಂಬತ್ತು ಹೆಂಗಸರು ಸತ್ತಿದ್ದರು, ಹಿಂಬಾಗಿಲಿಗೆ ಬೀಗ ಬಿದ್ದಿತ್ತು. ಬೀಗ ಹಾಕಿದವನು ಕಾವಲುಗಾರ ಎಂದು ವಿಚಾರಣೆ ತೀರ್ಮಾನಿಸಿತ್ತು. ಕಾವಲುಗಾರ ಅಜ್ಜಿಯ ಗಂಡ. "ಬೀಗದ ಕೈ ನನ್ನ ಹತ್ತಿರ ಇರಲಿಲ್ಲ" ಎಂದು ಒಂದೇ ಒಂದು ಸಲ ಹೇಳಿ, ಯಾರ ಹತ್ತಿರ ಇತ್ತು ಎಂದರೆ ಬಾಯಿ ಬಿಡದೆ, ಆರು ವರ್ಷ ಮನೆಯ ಹೊಸ್ತಿಲು ದಾಟದೆ ಸತ್ತ. ಈಗ ಗಿರಣಿ ಇದ್ದ ಜಾಗದಲ್ಲಿ ಸತ್ತವರ ನೆನಪಿಗೆ ಕಲ್ಲು ನಿಲ್ಲಿಸುತ್ತಿದ್ದರು. ಕೆತ್ತಬೇಕಾದ ಸಾಲುಗಳಲ್ಲಿ ಒಂದು, 'ಕಾವಲುಗಾರನು ಹಿಂಬಾಗಿಲಿಗೆ ಬೀಗ ಹಾಕಿದ್ದರಿಂದ' ಎಂದು ಶುರುವಾಗುತ್ತಿತ್ತು. ಸೋಮವಾರ ಆ ಸಾಲಿನ ಮೇಲೆ ಉಳಿ ಬೀಳುತ್ತದೆ. ಅಜ್ಜಿ ಹೋಗಿ ಬೇಡಿಕೊಂಡಾಗ ಸಮಿತಿಯವರು, "ಪುರಾವೆ ತನ್ನಿ, ತೆಗೀತೀವಿ" ಎಂದಿದ್ದರು. ಅಷ್ಟರಲ್ಲಿ ವಿಚಾರಣೆಯ ಗುಮಾಸ್ತನ ಅಳಿಯ ಮಾವನ ಬೀರು ಖಾಲಿ ಮಾಡುವಾಗ ಈ ಟೇಪು ಸಿಕ್ಕಿತ್ತು. ಗುಮಾಸ್ತ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ.

"ಒಂದು ಸಾಲು ಹೋದರೆ ಸಾಕು ನಂಗೆ" ಎಂದಿದ್ದಳು ಅಜ್ಜಿ ಬೆಳಿಗ್ಗೆ ಬಂದಾಗ. "ನಮ್ಮಣ್ಣನೂ ಅದೇ ಅಂದ. ಪಾಪ, ಅವನೂ ಬಂದಿದಾನೆ. ಮೆಟ್ಟಿಲು ಹತ್ತಲಾರ, ಕೆಳಗೆ ಬೆಂಚಲ್ಲಿ ಕೂತಿದಾನೆ. ಅದೇ ಗಿರಣೀಲಿ ಮೇಸ್ತ್ರಿ ಆಗಿದ್ದ. ನನ್ನ ಗಂಡಂಗೆ ಕೆಲಸ ಕೊಡಿಸಿದ್ದೂ ಅವನೇ, ಗಂಡ ಹೋದ್ಮೇಲೆ ನನ್ನ, ಮಕ್ಕಳನ್ನ ಸಾಕಿದ್ದೂ ಅವನೇ."

ಕಿಟಕಿಯಿಂದ ನೋಡಿದರೆ ಅವರು ಕಾಣುತ್ತಿದ್ದರು. ಬೂದು ಟೋಪಿ, ಮೊಣಕಾಲ ಮೇಲೆ ಮಡಚಿದ ಕೊಡೆ, ಪಕ್ಕದಲ್ಲಿ ತಂಗಿಗೆಂದು ತಂದ ಚಹಾದ ಫ್ಲಾಸ್ಕು.

ಅಂಕಿ ಹನ್ನೆರಡಾಯಿತು.

ಗಡಿಬಿಡಿ ಮೇಜಿನ ಮೇಲಿದ್ದ ತಂತಿ ಫೋನಿನಿಂದ ಅತ್ತಿಗೆಯ ಮೊಬೈಲಿಗೆ ಕರೆ ಮಾಡಿದಳು. ಬಾಗಿಲ ಪಕ್ಕದ ಡ್ರಾಯರು ಗುರ್ ಎಂದಿತು. ಫೋನಿನ ಗುರುಗುಟ್ಟುವಿಕೆ ಟೇಪಿನ ಧ್ವನಿಗೆ ಬೆರೆಯುತ್ತದೆಂದು ಒಳಬಂದವರೆಲ್ಲ ಫೋನನ್ನು ಅದರಲ್ಲಿ ಹಾಕಬೇಕಿತ್ತು. ಕಟ್ಟಳೆ ಮಾಡಿದವಳೇ ತನ್ನದನ್ನು ಎತ್ತಿಕೊಳ್ಳಲು ಮರೆತು ಹೋಗಿದ್ದಳು.

ಡಿಸ್ಕನ್ನು ತಿನ್ನುತ್ತಿರುವುದು ಯಾವುದು? ಗಡಿಬಿಡಿ ಫೈಲುಗಳ ಪಟ್ಟಿ ತೆರೆದಳು. ಒಂದು, ಎರಡು, ಮೂರು ಯಂತ್ರಗಳ ಹೆಸರಲ್ಲಿ ಮೂರು ಸಣ್ಣ ಫೈಲು, ಮೆಲ್ಲಗೆ ಬೆಳೆಯುತ್ತಿದ್ದವು. ಅವುಗಳ ಮೇಲೆ ನಾಲ್ಕನೇ ಯಂತ್ರದ ಹೆಸರಲ್ಲಿ ಆನೆಯಂಥದೊಂದು ಫೈಲು, ಅದೂ ಬೆಳೆಯುತ್ತಿತ್ತು. ನಾಲ್ಕನೇ ಯಂತ್ರದ ಮೇಲೆ ಏನೂ ಇರಲಿಲ್ಲ.

ನಿನ್ನೆ ಸಂಜೆ ಆರಕ್ಕೆ ನಾಲ್ಕನೆಯದರ ತಲೆ ಒರೆಸಿ, ಸರಿಯಾಗಿದೆಯೇ ನೋಡೋಣವೆಂದು ಅದರ ಕಿವಿ ತೆರೆದಿದ್ದಳು. ಮೊದಲ ಸಲ ಏನೋ ತಪ್ಪು ಒತ್ತಿದ್ದಳು, ಪರದೆ ಏನೋ ಗೊಣಗಿತು, ಮತ್ತೊಮ್ಮೆ ಒತ್ತಿದಳು. ಅಷ್ಟರಲ್ಲಿ ಕೆಳಗಿನಿಂದ ಅಣ್ಣನ ಹಾರನ್ನು. ಚೀಲ ಹೆಗಲಿಗೆ, ಚಪ್ಪಲಿ ಕೈಗೆ, ಓಟ. ಆ ಕಿವಿ ಹದಿನೇಳು ಗಂಟೆ ಖಾಲಿ ಕೋಣೆಯನ್ನು ಕೇಳಿ ಕೇಳಿ ಬರೆದುಕೊಂಡಿತ್ತು.

ಅವಳು ಆನೆಯನ್ನು ಅಳಿಸಿದಳು. ಪಟ್ಟಿಯಿಂದ ಹೆಸರು ಹೋಯಿತು. ಕೆಳಮೂಲೆ ನೋಡಿದಳು. ಹನ್ನೊಂದು. ಒಂದು ನಿಮಿಷವೂ ಹೆಚ್ಚಾಗಲಿಲ್ಲ.

ಅತ್ತಿಗೆ ಇದನ್ನೂ ಹೇಳಿಕೊಟ್ಟಿದ್ದಳು, ಮೂರನೇ ಕೋಣೆಯಲ್ಲೇ. "ಕಿವಿ ಹಿಡ್ಕೊಂಡಿರೋ ಫೈಲನ್ನ ಅಳಿಸಿದ್ರೆ ಹೆಸರು ಮಾತ್ರ ಹೋಗುತ್ತೆ ಕಣೇ, ಜಾಗ ಬಿಟ್ಟುಕೊಡಲ್ಲ. ಮೊದಲು ಕಿವಿ ಮುಚ್ಚಬೇಕು."

ಗೋಡೆಯ ಮೇಲೆ ಅತ್ತಿಗೆಯ ಗುಂಡು ಅಕ್ಷರದ ಹಾಳೆ ಇತ್ತು. ಪೀಗ್ರೆಪ್ ಎಂದು ಒತ್ತಿ ಮುಂದೆ ಕಿವಿ ಎಂದರೆ, ತೆರೆದಿರುವ ಕಿವಿಗಳೆಲ್ಲ ತಂತಮ್ಮ ಸಂಖ್ಯೆ ಹೇಳುತ್ತವೆ. ಪೀಕಿಲ್ ಎಂದು ಒತ್ತಿ ಮುಂದೆ ಕಿವಿ ಎಂದರೆ, ಆ ಹೆಸರಿನ ಎಲ್ಲವೂ ಒಟ್ಟಿಗೇ ಮುಚ್ಚಿಹೋಗುತ್ತವೆ. ಹೆಸರಿನಿಂದ ಕರೆದರೆ ಆ ಹೆಸರಿನವರೆಲ್ಲ ಓಗೊಡುತ್ತಾರೆ ತಾನೇ. ನಡುವೆ ಒಂದು ಗೆರೆ ಎಳೆದು 'ಓ' ಸೇರಿಸಿದರೆ ಎಲ್ಲಕ್ಕಿಂತ ಮೊದಲು ತೆರೆದದ್ದು ಮಾತ್ರ ಮುಚ್ಚುತ್ತದೆ. 'ಎನ್' ಸೇರಿಸಿದರೆ ಎಲ್ಲಕ್ಕಿಂತ ಈಚೆಗೆ ತೆರೆದದ್ದು. ಅಡಿಯಲ್ಲಿ ಕೆಂಪು ಶಾಯಿಯಲ್ಲಿ, 'ಮೊದಲು ನೋಡು. ಆಮೇಲೆ ಎಣಿಸು. ಆಮೇಲೆ ಮುಚ್ಚು.'

ಅವಳು ನೋಡಿದಳು. ಪೀಗ್ರೆಪ್ ನಾಲ್ಕು ಸಾಲು ಕೊಟ್ಟಿತು.

2214. 2907. 31560. 31588.

ಬರೀ ಸಂಖ್ಯೆ. ಯಾವುದು ಯಾವ ಯಂತ್ರದ್ದೆಂದು ಅದು ಹೇಳುವುದಿಲ್ಲ. ಚಿಕ್ಕ ಸಂಖ್ಯೆ ಹಳೆಯದು, ದೊಡ್ಡದು ಹೊಸದು, ಅಷ್ಟು ಗೊತ್ತಿತ್ತು. ಎರಡು ಚಿಕ್ಕವು ಯಾಕಿವೆ? ನಿನ್ನೆಯದು ಒಂದೇ ಇರಬೇಕಲ್ಲ. ತಟ್ಟನೆ ಹೊಳೆಯಿತು: ನಿನ್ನೆ ಎರಡು ಸಲ ಒತ್ತಿದೆ. ಎರಡೂ ತೆರೆದುಕೊಂಡಿವೆ. ಎರಡೂ ನನ್ನವೇ, ಎರಡೂ ದಂಡ. ಹೊಸದನ್ನು ಮಾತ್ರ ಮುಟ್ಟಬಾರದು. ಹಲಗೆಯ ಪ್ರಕಾರ ಕೊನೆಯದು ಒಂದು, ಅಜ್ಜಿಯದು.

ಸ್ಪೀಕರಿನಲ್ಲಿ ಅಧಿಕಾರಿಯೊಬ್ಬನ ದನಿ, ನಿದ್ದೆಗಣ್ಣಿನದು, ಕೇಳುತ್ತಿತ್ತು. "ಹಿಂಬಾಗಿಲ ಹತ್ರ ಹೋದಿರಾ?"

"ಹೋದ್ವಿ ಸ್ವಾಮಿ. ಎಲ್ರೂ ಅಲ್ಲಿಗೇ ಓಡಿದ್ವಿ."

"ಬಂತು" ಎಂದು ಅಜ್ಜಿ ಕುರ್ಚಿಯ ತುದಿಗೆ ಸರಿದಳು. "ಬಾಗಿಲ ಮಾತು ಬಂತು."

ಅಂಕಿ ಒಂಬತ್ತು. ಗಡಿಬಿಡಿ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಪೀಕಿಲ್, ಗೆರೆ, ಓ, ಕಿವಿ. ಒತ್ತಿದಳು.

ಪರದೆ ಏನೂ ಹೇಳಲಿಲ್ಲ. ಕೆಲಸ ಆದಾಗ ಅದು ಮಾತಾಡುವುದಿಲ್ಲ. ಆಗದಿದ್ದಾಗ ಮಾತ್ರ ಗೊಣಗುತ್ತದೆ.

ಕೆಳಮೂಲೆ ನೋಡಿದಳು. ಒಂಬತ್ತು. ಹಾಗೇ ಇತ್ತು. ಹದಿನೇಳು ಗಂಟೆಯ ಜಾಗ ವಾಪಸು ಬರಬೇಕಿತ್ತು, ಬರಲಿಲ್ಲ. ಫೈಲುಗಳ ಪಟ್ಟಿ ನೋಡಿದಳು. ಎರಡನೇ ಯಂತ್ರದ್ದು ಬೆಳೆಯುತ್ತಿತ್ತು. ಮೂರನೆಯದು ಬೆಳೆಯುತ್ತಿತ್ತು. ಒಂದನೆಯದು ನಿಂತಿತ್ತು.

ಯಂತ್ರ ನಿಂತಿರಲಿಲ್ಲ. ಅದರ ಸೂಜಿ ಪ್ರತಿ ಮಾತಿಗೂ ಕುಣಿಯುತ್ತಿತ್ತು, ಕಂದು ಪುಡಿ ಉದುರುತ್ತಿತ್ತು.

"ಬೀಗ ಹಾಕಿತ್ತು" ಎನ್ನುತ್ತಿತ್ತು ಗೊಗ್ಗರು ದನಿ. "ಹೊರಗಿಂದ. ಕೈ ಯಾರ ಹತ್ರ ಇತ್ತು ಅಂತ ಗಿರಣೀಲಿ ಎಲ್ರಿಗೂ ಗೊತ್ತು ಸ್ವಾಮಿ."

ಗಡಿಬಿಡಿ ಮತ್ತೆ ಪೀಗ್ರೆಪ್ ಒತ್ತಿದಳು. 2907, 31560, 31588. ಈಗ ಎಣಿಸಿದಳು. ದೊಡ್ಡವು ಎರಡೇ. ಬೆಳಿಗ್ಗೆ ಟೇಪು ಹಾಕಿದ್ದು ಮೂರು ಯಂತ್ರಕ್ಕೆ. ಚಿಕ್ಕವೆರಡೂ ತನ್ನವಾಗಿದ್ದರೆ ಮೂರು ಯಂತ್ರಕ್ಕೆ ಎರಡೇ ಕಿವಿ ಹೇಗಾದೀತು? ಹಾಗಾದರೆ 2214 ಅತ್ತಿಗೆಯದು. ಅತ್ತಿಗೆ ಅಜ್ಜಿಯ ಟೇಪಿಗೆಂದು ಕಿವಿಯನ್ನು ನಿನ್ನೆಯೇ ತೆರೆದಿಟ್ಟಿದ್ದಳು, ತನಗಿಂತ ಮುಂಚೆಯೇ. ಇಂಥ ಜೀವ ಹೋಗುವ ಟೇಪುಗಳಿಗೆ ಕಿವಿಯನ್ನು ಮುಂಚೆಯೇ ಇಟ್ಟು ಪರೀಕ್ಷಿಸಿ, ಸದ್ದು ಬಂದಾಗ ಮಾತ್ರ ಬರೆಯುವಂತೆ ಕಾಯಿಸಿಡುತ್ತಾಳೆ ಎಂದು ಯಾವಾಗಲೋ ಹೇಳಿದ್ದಳು. ಹಲಗೆಯಲ್ಲಿ ಮಾತ್ರ ಇವತ್ತು ಬರೆದಳು.

ಇದೆಲ್ಲ ತಲೆಯಲ್ಲಿ ಓಡಿದ್ದು ಎರಡು ಉಸಿರಿನಷ್ಟು ಹೊತ್ತು. ಬೆರಳು ಆಗಲೇ ಮತ್ತೆ ಪೀಕಿಲ್, ಗೆರೆ, ಓ ಎಂದು ಒತ್ತಿ, ಅಲ್ಲೇ ತಡೆಯಿತು. ಮತ್ತೆ ತಪ್ಪಾದರೆ? ಇಲ್ಲ, ದೊಡ್ಡವೆರಡು ಎರಡನೆಯದರದ್ದು, ಮೂರನೆಯದರದ್ದು. ಉಳಿದದ್ದು ಒಂದೇ. ಒತ್ತಿದಳು.

ಅಂಕಿ ಹದಿನೇಳು ಗಂಟೆಗೆ ಜಿಗಿಯಿತು.

"ಕಾವಲುಗಾರ ಬೇಡ್ಕೊಂಡ, ನಾನೇ ನೋಡಿದೀನಿ" ಎನ್ನುತ್ತಿತ್ತು ದನಿ. "ಕೈ ಕೊಡಿ ಅಂದ. ಮೇಸ್ತ್ರಿ ಕೊಡಲಿಲ್ಲ. ಹುಡುಗೀರು ಗಳಿಗೆಗೊಂದ್ಸಲ ಹೊರಗೆ ಹೋಗ್ತಾರೆ ಅಂತ ಮಧ್ಯಾಹ್ನ ಅವರೇ ಬೀಗ ಹಾಕಿ ಕೈ ಜೇಬಿಗೆ ಇಳಿಸಿದ್ರು."

ಗಡಿಬಿಡಿಯ ಕೈ ಕೀಲಿಮಣೆಯ ಮೇಲೆ ನಿಂತೇಹೋಯಿತು. ಕಿಟಕಿಯ ಕಡೆ ತಿರುಗಬಾರದೆಂದುಕೊಂಡೇ ತಿರುಗಿದಳು. ಬೂದು ಟೋಪಿ ಅಲ್ಲಿಯೇ ಇತ್ತು.

ಮತ್ತೆ ಪರದೆ. ಒಂದನೇ ಯಂತ್ರದ ಕಿವಿ ತೆರೆಯುವ ಸಾಲು. ಒಂದು ಅಕ್ಷರ ತಪ್ಪಿತು, ಪರದೆ ಗೊಣಗಿತು. ಅಳಿಸಿದಳು.

"ಅವನು ಹೆಂಡ್ತಿ ಅಣ್ಣನ ಎದುರು ಏನು ತಾನೇ ಆಡ್ತಾನೆ ಸ್ವಾಮಿ? ಅನ್ನ ಹಾಕಿದ ಮನೆ."

ಒತ್ತಿದಳು. ಹೊಸ ಫೈಲು ಹುಟ್ಟಿ, ಬೆಳೆಯತೊಡಗಿತು.

"ಸರಿ ಸರಿ" ಎಂದಿತು ಅಧಿಕಾರಿಯ ದನಿ. "ಕಿಟಕಿ ಒಡೆದವರು ಯಾರು, ಅದು ಹೇಳಿ."

ಗಡಿಬಿಡಿ ಎರಡು ಫೈಲುಗಳ ವೇಳೆ ನೋಡಿ ಕಳೆದಳು. ನಲವತ್ತೇಳು ಸೆಕೆಂಡು. ಅಷ್ಟೂ ಈಗ ಬಿಳಿ ಕಾಗದದ ಮೇಲೆ ಪುಡಿಯಾಗಿ ಬಿದ್ದಿತ್ತು. ಊದಿದರೆ ಹಾರಿಹೋಗುವಷ್ಟು.

ಅವಳು ಅಜ್ಜಿಯ ಕಡೆ ನೋಡಲು ಧೈರ್ಯ ಮಾಡಿದಳು. ಅಜ್ಜಿ ಕುರ್ಚಿಯ ತುದಿಯಲ್ಲೇ ಇದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಸೆರಗಿನ ಅಂಚನ್ನು ಹೆಬ್ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಸುತ್ತುತ್ತಿದ್ದಳು.

"ಅಜ್ಜೀ, ನನ್ನಿಂದ ತಪ್ಪಾಯ್ತು" ಎಂದಳು ಗಡಿಬಿಡಿ. "ಈಗ ಹೇಳಿದ್ರಲ್ಲ, ಬೀಗದ್ದು... ಅದನ್ನ ಕಂಪ್ಯೂಟರ್ ಬರ್ಕೊಳ್ಳಲಿಲ್ಲ. ನಾನು ತಪ್ಪು ಕಿವಿ ಮುಚ್ಚಿಬಿಟ್ಟೆ."

"ಮತ್ತೆ ಹಾಕೋಕಾಗಲ್ವಾ?"

"ಇಲ್ಲ. ಅದು ಹೋಯ್ತು."

ಅಜ್ಜಿ ಸುತ್ತುವುದನ್ನು ನಿಲ್ಲಿಸಿದಳು. "ಹೋಯ್ತಾ" ಎಂದಳು. ಅದು ಗೋಳಾಟವೋ ನಿಟ್ಟುಸಿರೋ ಗಡಿಬಿಡಿಗೆ ತಿಳಿಯಲಿಲ್ಲ.

ಹನ್ನೊಂದೂ ಕಾಲಿಗೆ ಅತ್ತಿಗೆ ಡಿಸ್ಕಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದಳು. "ಫೋನ್ ಬಿಟ್ಟೋಗಿದ್ದೆ ನೋಡು, ನನ್ನಂಥ ಪೆದ್ದಿ..." ಎಂದವಳು ನಾದಿನಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಗಡಿಬಿಡಿ ಒಂದೇ ಉಸಿರಿಗೆ ಹೇಳಿದಳು: ನಾಲ್ಕನೆಯದು, ಹದಿನೇಳು ಗಂಟೆ, 2214. ಅತ್ತಿಗೆ ಮೂರನೇ ಕೋಣೆಗೆ ಕರೆಯಲಿಲ್ಲ. ಅದರಿಂದಲೇ ಹೆಚ್ಚು ಭಯವಾಯಿತು.

"ಉಳಿದವನ್ನ ಎಣಿಸಿದ್ದರೆ ಸಾಕಿತ್ತು" ಎಂದಳು, ತಗ್ಗಿದ ದನಿಯಲ್ಲಿ. ಡಿಸ್ಕಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, "ಹಲಗೇಲಿ ನಿನ್ನೇದು ಅಂತ ಬರೀಲಿಲ್ಲ ನಾನೂ. ಎಷ್ಟು ಹೋಯ್ತು?"

"ನಲವತ್ತೇಳು ಸೆಕೆಂಡು."

"ಏನಿತ್ತು ಅದ್ರಲ್ಲಿ?"

ಗಡಿಬಿಡಿ ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದಳು. "ಕೆಮ್ಮಿದ್ಲು. ಅಷ್ಟೆ. ಅವಳಿಗೆ ಕೆಮ್ಮು ಮೊದಲಿಂದ್ಲೂ."

ಅತ್ತಿಗೆ ಒಬ್ಬರಿಂದ ಒಬ್ಬರಿಗೆ ನೋಡಿದಳು. ಆಮೇಲೆ ಕಪಾಟಿನಿಂದ ಹಾಳೆ ತೆಗೆದು ಗಡಿಬಿಡಿಯ ಮುಂದಿಟ್ಟಳು. ಪ್ರತಿ ಟೇಪಿನ ಜತೆಗೂ ಅಂಥದೊಂದು ಹಾಳೆ ಹೋಗುತ್ತಿತ್ತು. ಎಲ್ಲಿ ಎಷ್ಟು ಸೆಕೆಂಡು ತಪ್ಪಿತು, ಯಾಕೆ, ಯಾರಿಂದ, ಆಗ ಕೋಣೆಯಲ್ಲಿದ್ದವರು ಕಿವಿಯಾರೆ ಕೇಳಿದ್ದೇನು, ಕೆಳಗೆ ಸಹಿ. ಹತ್ತು ವರ್ಷದಲ್ಲಿ ಅತ್ತಿಗೆ ಒಂದು ಸೆಕೆಂಡನ್ನೂ ಮುಚ್ಚಿಟ್ಟಿರಲಿಲ್ಲ. ಗ್ರಂಥಾಲಯಗಳು, ವಕೀಲರು ಅವಳ ಹಾಳೆಯನ್ನು ಟೇಪಿನಷ್ಟೇ ನಂಬುತ್ತಿದ್ದದ್ದು ಅದಕ್ಕೇ.

"ಬರಿ" ಎಂದಳು.

ಗಡಿಬಿಡಿ ಬರೆದಳು. ನಲವತ್ತೇಳು ಸೆಕೆಂಡು. ನನ್ನ ತಪ್ಪು. ಕೊನೆಯ ಕಾಲಮ್ಮಿಗೆ ಬಂದಾಗ ಪೆನ್ನು ತಡವರಿಸಿತು. ಅಜ್ಜಿ ಗೋಡೆ ನೋಡುತ್ತಿದ್ದಳು. ಗಡಿಬಿಡಿ 'ಕೆಮ್ಮು' ಎಂದು ಬರೆದಳು. ಬರೆದ ಮೇಲೆ ಆ ಪದ ಹಾಳೆಯ ಮೇಲೆ ಬಿದ್ದ ನೊಣದ ಹಾಗೆ ಕಂಡಿತು.

ಟೇಪಿನಲ್ಲಿ ಇನ್ನು ಹದಿನೈದು ನಿಮಿಷ. ಯಾರೂ ಕದಲಲಿಲ್ಲ. ಗೊಗ್ಗರು ದನಿ ಕಿಟಕಿಯ ಬಗ್ಗೆ, ಹೊರಗೆಳೆದವರ ಬಗ್ಗೆ, ಒಬ್ಬಳ ಕಾಲ ಚಪ್ಪಲಿಯ ಬಗ್ಗೆ ಹೇಳಿತು. ಬೀಗದ ಮಾತು ಮತ್ತೆ ಬರಲಿಲ್ಲ. ಅತ್ತಿಗೆ ಕೈಕಟ್ಟಿ ನಿಂತಿದ್ದಳು. ಕೊನೆಗೆ ಕಾಗದ ಮಗುಚುವ ಸದ್ದಾಯಿತು. ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದನ್ನು ಬರೆದುಕೊಂಡು, ಕೊನೆಗೆ ಅವರಿಗೇ ಓದಿ ಹೇಳಿ, ಒಪ್ಪಿಗೆ ಪಡೆಯುವುದು ಪದ್ಧತಿ.

"ಓದ್ತೀನಿ, ಕೇಳು" ಎಂದಿತು ಅಧಿಕಾರಿಯ ದನಿ. ಗೊಣಗೊಣ ಓದಿತು. ಹೊಗೆ ಕಂಡದ್ದು, ಓಡಿದ್ದು. "ಹಿಂಬಾಗಿಲಿಗೆ ಕಾವಲುಗಾರನು ಬೀಗ ಹಾಕಿದ್ದರಿಂದ ನಾವು ಹೊರಬರಲಾಗಲಿಲ್ಲ."

"ಹಾಗಲ್ಲ ನಾನು ಹೇಳಿದ್ದು."

"ಏನು?"

"ಹಾಗಲ್ಲ ಸ್ವಾಮಿ ನಾನು ಹೇಳಿದ್ದು. ಕೈ ಯಾರ ಹತ್ರ ಇತ್ತು ಅಂತ ಹೇಳಿದ್ನಲ್ಲ. ಅದ್ಯಾಕೆ ಬರೀಲಿಲ್ಲ?"

"ಬರೆದಿದ್ದು ಸರಿಯಾಗಿದೆ. ಒತ್ತು ಹೆಬ್ಬೆಟ್ಟು."

"ನಾನು ಹೇಳಿದ್ದನ್ನ ಬರೀರಿ ಸ್ವಾಮಿ."

"ಒತ್ತಮ್ಮ."

ಕುರ್ಚಿ ಎಳೆದ ಸದ್ದು. ನಂತರ ಗುಮಾಸ್ತನದ್ದಿರಬೇಕು, ಒಂದು ದೀರ್ಘ ಉಸಿರು, ಯಂತ್ರಕ್ಕೆ ತೀರ ಹತ್ತಿರದಿಂದ. ಪಟ್ಟಿಯ ತುದಿ ಸುರುಳಿಯಿಂದ ಕಳಚಿ ಟಪ ಟಪ ಹೊಡೆಯತೊಡಗಿತು. ಅತ್ತಿಗೆ ಹೋಗಿ ಯಂತ್ರ ಆರಿಸಿದಳು.

"ಕೈ ಯಾರ ಹತ್ತಿರ ಇತ್ತು ಅಂತ ಆಕೆ ಹೇಳಿದಾಳೆ ಅನ್ನೋದು ಸಿಕ್ತು" ಎಂದಳು, ಮಾತನ್ನು ತೂಗಿ ತೂಗಿ. "ಏನು ಹೇಳಿದ್ಲು ಅನ್ನೋದು ಇಲ್ಲ. ಸಮಿತಿಯವರು ಅದನ್ನೇ ಕೇಳ್ತಾರೆ ಅಮ್ಮ. ಆ ನಲವತ್ತೇಳು ಸೆಕೆಂಡಲ್ಲೇ ಇತ್ತೇನೋ."

ಅಜ್ಜಿ ಎದ್ದು ಕಿಟಕಿಯ ಹತ್ತಿರ ಹೋದಳು. ಬಹಳ ಹೊತ್ತು ಕೆಳಗೆ ನೋಡಿದಳು. ಗಡಿಬಿಡಿಗೆ ಅವಳ ಬೆನ್ನು, ಬಿಳಿ ಕೂದಲಿನ ಸಣ್ಣ ಗಂಟು ಮಾತ್ರ ಕಾಣುತ್ತಿತ್ತು.

"ಆರು ವರ್ಷ" ಎಂದಳು ಅಜ್ಜಿ, ಗಾಜಿಗೆ ಹೇಳುವಂತೆ. "ಪಕ್ಕದಲ್ಲೇ ಮಲಗಿದ್ದೆ. ನಂಗೂ ಹೇಳಲಿಲ್ಲ ಆತ. ಹೇಳಿದ್ರೆ ನಂಗೆ ತವರು ಇರಲ್ಲ ಅಂತ." ಅಲ್ಲಿಂದಲೇ, "ಮಗೂ."

"ಹೇಳಿ ಅಜ್ಜಿ."

"ಆ ಕೆಮ್ಮು ಹೊಡೆದುಹಾಕು. ನೀನೂ ಕೇಳಿದ್ದೀಯ. ನಿನ್ನ ಕೈ ನಿಂತುಬಿಡ್ತು, ನಾನು ನೋಡಿದೆ. ಕೇಳಿದ್ದನ್ನ ಬರಿ."

ಗಡಿಬಿಡಿ ಪದದ ಮೇಲೆ ಒಂದೇ ಗೆರೆ ಎಳೆದಳು, ಹಳೆಯದು ಕಾಣುವಂತೆಯೇ; ಅದೂ ಅತ್ತಿಗೆಯ ಕಟ್ಟಳೆ. ಪಕ್ಕದಲ್ಲಿ ಬರೆಯತೊಡಗಿದಳು. ಹುಟ್ಟಿದಾಗಿನಿಂದ ಅವಳು ಇಷ್ಟು ನಿಧಾನವಾಗಿ ಏನನ್ನೂ ಮಾಡಿರಲಿಲ್ಲ. ಒಂದು ಪದ ಬರೆದು, ಆ ಗೊಗ್ಗರು ದನಿಯನ್ನು ತಲೆಯೊಳಗೆ ಮತ್ತೆ ಕೇಳಿ, ಮುಂದಿನ ಪದ. 'ಗಳಿಗೆಗೊಂದು ಸಲ' ಅಂದಳೋ 'ಗಳಿಗೆಗೊಮ್ಮೆ' ಅಂದಳೋ ಎಂದು ಅಜ್ಜಿಯನ್ನು ಕೇಳಿದಳು. "ಗಳಿಗೆಗೊಂದ್ಸಲ" ಎಂದಳು ಅಜ್ಜಿ ತಿರುಗದೆಯೇ.

ಅತ್ತಿಗೆ ಹಾಳೆಯತ್ತ ಬಗ್ಗಿ ಓದಿದಳು. ಕಿಟಕಿಯ ಕಡೆ ನೋಡಿದಳು.

"ಆಯ್ತಾ?" ಎಂದಳು ಅಜ್ಜಿ.

"ಆಯ್ತು."

"ಓದಿ ಹೇಳು."

ಗಡಿಬಿಡಿ ಓದಿದಳು. ಬೀಗ, ಮಧ್ಯಾಹ್ನ, ಮೇಸ್ತ್ರಿ, ಜೇಬು. ಕಾವಲುಗಾರ ಬೇಡಿಕೊಂಡದ್ದು. ಹೆಂಡತಿಯ ಅಣ್ಣ ಎಂಬಲ್ಲಿ ದನಿ ಬಿತ್ತು, ಎತ್ತಿಕೊಂಡು ಮುಗಿಸಿದಳು.

"ಹ್ಞೂಂ" ಎಂದಳು ಅಜ್ಜಿ. "ಹಾಗೇ ಹೇಳಿದ್ಲು." ಬಂದು ಪೆನ್ನು ತೆಗೆದುಕೊಂಡು, ಗಡಿಬಿಡಿಯ ಸಹಿಯ ಕೆಳಗೆ ತನ್ನ ಹೆಸರನ್ನು ಶಾಲೆಯ ಮಕ್ಕಳಂತೆ ಬಿಡಿಬಿಡಿಯಾಗಿ ಬರೆದಳು. ಹಾಳೆಯ ಒಂದು ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕಿಟ್ಟಳು. ಕೈಹಿಡಿದು ಇಳಿಸಲು ಬಂದ ಗಡಿಬಿಡಿಯನ್ನು ಬೇಡವೆಂದು ತಡೆದಳು.

ಮೆಟ್ಟಿಲಿನಲ್ಲಿ ಹೆಜ್ಜೆ ಸದ್ದು ಒಂದೊಂದಾಗಿ ಕೆಳಗಿಳಿಯಿತು. ಗಡಿಬಿಡಿ ಕಿಟಕಿಯಲ್ಲಿ ನಿಂತಳು. ಅಜ್ಜಿ ಬಾಗಿಲಿನಿಂದ ಹೊರಬಂದದ್ದನ್ನು ಕಂಡು ಬೂದು ಟೋಪಿಯ ಮುದುಕರು ಕೊಡೆಯನ್ನು ಆ ಕಡೆಗೆ ಇಟ್ಟರು. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಅದರಲ್ಲೇ ಚಹಾ ಸುರಿದರು. ಬೆಂಚಿನ ಮೇಲೆ ಪಕ್ಕಕ್ಕೆ ಸರಿದು, ತಂಗಿಗೆ ಜಾಗ ಮಾಡಿಕೊಟ್ಟು, ಕೈಯಿಂದ ಹಲಗೆಯ ಧೂಳು ಒರೆಸಿದರು.

ಅಜ್ಜಿ ಕೂರಲಿಲ್ಲ.